ಹುಲ್ಲಿನ ಪಗಾರ

ಎರಡನೆಯ ಕೊಡದ ನೀರನ್ನು ಹೆಣದ ಹೆಗಲಿನ ಮೇಲೆ ಸುರಿಯುತ್ತಿದ್ದ ರಾಮಪ್ಪ ಅರ್ಧಕ್ಕೇ ಕೈ ತಡೆದ. ಕೊಡವನ್ನು ಸೊಂಟಕ್ಕೆ ಆನಿಸಿಕೊಂಡು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದ.

“ಎಲ್ಲಾ ಖರೇ. ಕುರಿ ಎಲ್ಲಿ ಅದಾವ?”

ಅಂಗಳದಲ್ಲಿ ಏನಿಲ್ಲವೆಂದರೂ ನಲವತ್ತು ಜನ ಕುರುಬರಿದ್ದರು. ಹೆಬ್ಬಳ್ಳಿಯಿಂದ ಎರಡು ಮೈಲಿ ಒಳಗಿನ ಆ ಊರಿನಲ್ಲಿ, ಕಾಳಿನ ವ್ಯಾಪಾರದ ಕುಬೇರಪ್ಪನ ಮನೆಯೊಂದನ್ನು ಬಿಟ್ಟರೆ, ಕುರಿಯ ವಾಸನೆ ಬಾರದ ಮನೆಯೇ ಇರಲಿಲ್ಲ. ಅದು ಹತ್ತು ವರ್ಷದ ಹಿಂದೆ. ಈಗ ಆ ನಲವತ್ತು ಜನ, ಯಾರದಾದರೂ ಜೇಬಿನೊಳಗೆ ಒಂದು ಕುರಿ ಉಳಿದಿದ್ದೀತು ಎಂಬಂತೆ, ಒಬ್ಬರನ್ನೊಬ್ಬರು ನೋಡಿಕೊಂಡರು.

ದೇವಕ್ಕ ಹೊಸ್ತಿಲ ಒಳಗೆ ಕುಳಿತಿದ್ದಳು. ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಗಂಡ ಮೈಲಾರಪ್ಪ, ತಲೆ ಒಂದು ಕಡೆಗೆ ವಾಲಿಸಿ, ದೂರದಲ್ಲಿ ಯಾರೋ ಕರೆದದ್ದಕ್ಕೆ ಕಿವಿಗೊಟ್ಟವನ ಹಾಗೆ ಕಾಣುತ್ತಿದ್ದ. ಬೆಳಗ್ಗೆ ಎದ್ದು “ಚಾ ಇಡು” ಅಂದಿದ್ದ. ಚಹಾ ಉಕ್ಕುವ ಹೊತ್ತಿಗೆ ಮುಗಿದಿದ್ದ. ಉಕ್ಕಿದ ಚಹಾ ಒಲೆಯ ಬೂದಿಯಲ್ಲಿ ಇಂಗುವುದನ್ನು ನೋಡುತ್ತ ಕುಳಿತಾಗಲೇ ದೇವಕ್ಕನಿಗೆ ರಾಮಪ್ಪನ ಈ ಪ್ರಶ್ನೆ ಹೊಳೆದಿತ್ತು. ಅಳು ಅದರ ಹಿಂದೆ ಎಲ್ಲೋ ಸರದಿ ಹಚ್ಚಿ ನಿಂತಿತ್ತು.

ಅವರಲ್ಲಿ ಒಂದು ಪದ್ಧತಿ. ಕುರಿ ಕಾದವನು ಸತ್ತರೆ, ಮಣ್ಣಿಗಿಡುವ ಮುಂಚೆ ಅವನ ಕೋಲನ್ನು ನೆಲದ ಮೇಲೆ ಅಡ್ಡ ಮಲಗಿಸಿ ಕುರಿಗಳಿಂದ ದಾಟಿಸಬೇಕು. ದಾಟಿದ ಕುರಿ ಇಲ್ಲಿಯೂ ಮೇಯುತ್ತಿರುತ್ತದೆ, ಸತ್ತವನ ಹಿಂದೆಯೂ ಹೋಗುತ್ತದೆ. ಹಿಂದೆ ಹಿಂಡು ಇಲ್ಲದ ಕುರುಬನನ್ನು ಆ ಕಡೆಯವರು ಗುರುತು ಹಿಡಿಯುವುದಾದರೂ ಹೇಗೆ?

“ದಾಟಿಸಲಿಲ್ಲಾಂದ್ರ ಏನಾಕ್ಕೈತಿ ಕಾಕಾ?” ಎಂದ ಮುತ್ತು. ಅವನು ಮೈಲಾರಪ್ಪನ ಒಬ್ಬನೇ ಮಗ. ಮೂವತ್ತು ದಾಟಿದವನು. ಅಳುವುದಕ್ಕೂ ಸಿಟ್ಟಿಗೇಳುವುದಕ್ಕೂ ಸಮಯವಿಲ್ಲದೆ ಬೆಳಗಿನಿಂದ ಬಿದಿರು, ಹೂವು, ಊದಿನಕಡ್ಡಿ ಎಂದು ಓಡಾಡಿದ್ದ.

“ಏನಾಕ್ಕೈತಿ? ನಿಮ್ಮಪ್ಪ ಅಲ್ಲೇ ಕಾಕೋತ ನಿಲ್ಲತಾನ. ಮುಂದ ಹೋಗಂಗಿಲ್ಲ, ಹಿಂದ ಬರಂಗಿಲ್ಲ. ಅವ ಏನು ಬಸ್‌ಸ್ಟ್ಯಾಂಡಿನ್ಯಾಗ ನಿಂತಾನೇನಲೇ, ಮುಂದಿನ ಗಾಡಿಗೆ ಹತ್ತತಾನ ಅನ್ನಾಕ?”

“ಮ್ಯಾಗಿನ ಓಣ್ಯಾಗ ಚನ್ನಬಸವ್ವನ ಮನ್ಯಾಗ ಒಂದು ಆಡು ಐತಿ” ಎಂದಿತು ಗುಂಪಿನೊಳಗಿಂದ ಒಂದು ದನಿ.

“ಆಡು! ಮೈಲಾರಿ ಜಲ್ಮದಾಗ ಆಡಿನ ಮಾರಿ ನೋಡಿಲ್ಲ. ಸತ್ತ ಮ್ಯಾಲೆ ಅದರ ಕೂಡ ಏನು ಮಾತಾಡಬೇಕು ಅವ?”

“ಹಿಟ್ಟಿನ್ಯಾಗ ಕುರಿ ಮಾಡಿ ಇಡೂಣು.”

“ಮಾಡು. ನಿನ್ನ ಹತ್ತರ ನಡಿಯೂ ಹಿಟ್ಟು ಇದ್ರ ತಗೊಂಡು ಬಾ.”

ಯಾರೋ ನಕ್ಕರು, ನಕ್ಕು ಬಾಯಿ ಮುಚ್ಚಿಕೊಂಡರು. ಹಿಂದಿನ ಸಾವುಗಳಲ್ಲಿ ಹೀಗಾಗಿರಲಿಲ್ಲ. ತಮ್ಮ ಹಿಂಡು ಹೋದ ಮೇಲೂ ಪಕ್ಕದ ಊರಿನಿಂದ ಹತ್ತು ಕುರಿ ಹೊಡೆದುಕೊಂಡು ಬಂದು ಕೆಲಸ ಮುಗಿಸುತ್ತಿದ್ದರು. ಹೋದ ವರ್ಷ ಆ ಊರಿನವರೂ ಕಾಗದಕ್ಕೆ ಹೆಬ್ಬಟ್ಟು ಒತ್ತಿದ್ದರು. ದೂರದ ಸೀಮೆಯಿಂದ ಮೇಯುತ್ತ ಬರುವ ದೇಶಾವರಿ ಕುರಿಗಳು ಈ ದಾರಿಯಲ್ಲಿ ಹಾಯುವುದು ದೀಪಾವಳಿ ಕಳೆದ ಮೇಲೆ. ಇದು ಇನ್ನೂ ಭಾದ್ರಪದ.

ದೇವಕ್ಕ ಮೊದಲ ಬಾರಿ ಮಾತಾಡಿದಳು.

“ಮುತ್ತೂ, ಹುಬ್ಬಳ್ಳಿ ಶರೀಫಸಾಬಗ ಫೋನ್ ಹಚ್ಚು.”

“ಯವ್ವಾ, ಅವನ ಹತ್ತರ ಇರೂವು ಕಡಿಯೂ ಕುರಿ.”

“ಕಾಲು ಅದಾವಿಲ್ಲೋ ಅವಕ್ಕ?”

ಮುತ್ತು ಮೊಬೈಲ್ ತೆಗೆದು ಸಿಗ್ನಲ್ ಹುಡುಕುತ್ತ ಕಟ್ಟೆ ಹತ್ತಿದ. ರಾಮಪ್ಪ ಉಳಿದ ಅರ್ಧ ಕೊಡವನ್ನು ಸುರಿದ. “ಹೊತ್ತು ಮುಳುಗೂದರಾಗ ಮಣ್ಣು ಆಗಬೇಕು ನೋಡವಾ ದೇವಕ್ಕಾ. ಅದಕ್ಕಿಂತ ಹೆಚ್ಚಿಗೆ ಇಟಗೊಳ್ಳಾಕ ಆಗೂದಿಲ್ಲ” ಎಂದ, ಈ ಸಲ ದನಿ ತಗ್ಗಿಸಿ.

*

ಆ ಕಾಗದ ಊರಿಗೆ ಬಂದದ್ದು ತೊಂಬತ್ತಾರರಲ್ಲಿ. ಸಾಲೆಯ ಮುಂದಿನ ಬೇವಿನ ಕೆಳಗೆ ಜಮಖಾನೆ ಹಾಸಿತ್ತು. ಹುಲ್ಲುಗಾವಲು ಉಳಿಸುವ ಯಾವುದೋ ಸಂಸ್ಥೆಯಿಂದ ಗೀತಾಂಜಲಿ ಎಂಬ ಹೆಣ್ಣುಮಗಳು ಬಂದಿದ್ದಳು. ಧಾರವಾಡದ ಮಾಳಮಡ್ಡಿಯವಳು. ಬಿಸಿಲಿಗೆ ಮುಖ ಕೆಂಪಾಗಿದ್ದರೂ ಮಾತು ತಣ್ಣಗಿತ್ತು.

“ನಿಮ್ಮ ಊರಿನ ಗಾಯರಾಣ, ಈ ಮೇವಿನ ನೆಲ, ಪೂರಾ ಸವದು ಹೋಗೇದ. ನಾನೂರು ಎಕರೆ ಅದ, ಒಂದು ಗೇಣು ಹುಲ್ಲಿಲ್ಲ. ಹತ್ತು ವರ್ಷ ಅದನ್ನ ಅದರ ಪಾಡಿಗೆ ಬಿಟ್ಟು ನೋಡ್ರಿ. ಕುರಿ ಮಾರೂದರಿಂದ ನಿಮಗ ಏನು ಲುಕ್ಸಾನ ಆಗತದ, ಅದನ್ನ ನಾವು ವರ್ಷಾವರ್ಷಾ ತುಂಬಿ ಕೊಡತೇವಿ.”

ಆಮೇಲೆ ಕಾಗದ ಓದಿದಳು. ಸರಕಾರಿ ಕನ್ನಡ. ಕುರುಬರು ಒಬ್ಬೊಬ್ಬರಾಗಿ ತೂಕಡಿಸತೊಡಗಿದರು. ಹಿಂದೆ ಬೇವಿನ ಬೊಡ್ಡೆಗೆ ಒರಗಿದ್ದ ಮೈಲಾರಪ್ಪನ ಗದ್ದವೂ ಎದೆಗೆ ಹತ್ತಿತ್ತು.

“‘ಫಲಾನುಭವಿಯು ಸದರಿ ಹುಲ್ಲುಗಾವಲನ್ನು ಕಾಯತಕ್ಕದ್ದು.’”

ಮೈಲಾರಪ್ಪ ಕಣ್ಣು ಬಿಟ್ಟ. ಅಷ್ಟು ಉದ್ದದ ಕಾಗದದಲ್ಲಿ ಅವನ ಗುರುತಿನದು ಎಂದರೆ ಅದೊಂದೇ ಶಬ್ದ. ಏಳನೆಯ ವರ್ಷದಿಂದ ಅವನು ಅದನ್ನೇ ಮಾಡುತ್ತಿದ್ದ.

“ಎಷ್ಟು ಹೊತ್ತಿಗೆ ಹೋಗಬೇಕ್ರಿ ಬಾಯಾರ?”

“ಎಲ್ಲಿಗ್ರಿ?”

“ಹುಲ್ಲು ಕಾಯಾಕ.”

ಮಂದಿ ಹೋ ಎಂದು ನಕ್ಕಿತು. ಗೀತಾಂಜಲಿಯೂ ನಕ್ಕಳು. ನಗುತ್ತಲೇ, “ಕುರಿ ಎಷ್ಟು ಹೊತ್ತಿಗೆ ಬಿಡತಿದ್ರಿ, ಅಷ್ಟೇ ಹೊತ್ತಿಗೆ ಹೋಗ್ರಿ ಅಜ್ಜಾ” ಎಂದಳು.

ಹೆಬ್ಬಟ್ಟು ಒತ್ತುವ ಸರದಿ ಬಂದಾಗ ಮೈಲಾರಪ್ಪ ಎದ್ದು ನಿಂತು ಹೆಂಗಸರ ಕಡೆ ನೋಡಿದ. ದೇವಕ್ಕನಿಗೆ ಆ ನೋಟದ ಅರ್ಥ ಗೊತ್ತಿತ್ತು. ಬೇಡವೆಂದು ತಲೆಯಾಡಿಸು, ಮನೆಗೆ ಹೋಗೋಣ.

ಅವಳು ಆಡಿಸಲಿಲ್ಲ. ಇಪ್ಪತ್ತೈದು ವರ್ಷ, ವರ್ಷಕ್ಕೆ ಎಂಟು ತಿಂಗಳು, ತಲೆಯ ಮೇಲೆ ಗಡಿಗೆ ಹೊತ್ತು ಆ ಕುರಿಗಳ ಹಿಂದೆ ನಡೆದಿದ್ದಳು. ಮುತ್ತುವಿನ ಮುಂಚಿನ ಕೂಸು ನವಲಗುಂದದ ಹಾದಿಯಲ್ಲಿ ಹುಟ್ಟಿ ಅಲ್ಲಿಯೇ ಉಳಿದಿತ್ತು. ಯಾವ ಹೊಲದ ಬದು ಎಂದು ಈಗ ತೋರಿಸಲೂ ಬರುತ್ತಿರಲಿಲ್ಲ. ಹನ್ನೆರಡು ತಿಂಗಳೂ ಒಂದೇ ಸೂರಿನ ಕೆಳಗೆ ಮಲಗಬೇಕು, ಎದ್ದರೆ ನಿನ್ನೆಯ ಗೋಡೆಯೇ ಕಾಣಬೇಕು. ಅಷ್ಟೇ ಅವಳ ಆಸೆ. ಅವಳು ಎದ್ದು ಗಂಡಸರ ನಡುವೆ ನುಗ್ಗಿ ಹೋದಳು. ಗಂಡನ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ತಾನೇ ಶಾಯಿಗೆ ಅದ್ದಿ, ಕಾಗದದ ಮೇಲೆ ಒತ್ತಿದಳು.

ಮುಂದಿನ ವಾರ ಶರೀಫಸಾಬನ ಲಾರಿ ಬಂತು. ಕುರಿಗಳು ಹತ್ತಿದವು. “ಎರಡಾದ್ರೂ ಇಟ್ಕೋ ಮೈಲಾರಿ, ಮನ್ಯಾಗ ಶಬ್ದಾ ಇರತೈತಿ” ಎಂದು ಸಾಬ ಹೇಳಿದ್ದಕ್ಕೆ ಮೈಲಾರಪ್ಪ, “ಕಾಗದದಾಗ ಇಲ್ಲ” ಎಂದಷ್ಟೇ ಹೇಳಿದ.

ಮಾರನೆಯ ದಿನ ಕುರಿ ಬಿಡುವ ಹೊತ್ತಿಗೆ ಅವನು ಕಂಬಳಿ ಹೆಗಲಿಗೆ ಹಾಕಿಕೊಂಡ. ರೊಟ್ಟಿ ಕಟ್ಟಿಸಿಕೊಂಡ. ಕೋಲು ತೆಗೆದುಕೊಂಡ.

“ಎಲ್ಲಿಗೆ?” ಎಂದಳು ದೇವಕ್ಕ.

“ಕೆಲಸಕ್ಕ.”

*

ಮಧ್ಯಾಹ್ನದ ಹೊತ್ತಿಗೆ ಕುಬೇರಪ್ಪ ಬಂದ. ಓದು ಬಲ್ಲವನೆಂದು ಊರವರೇ ಅವನನ್ನು ಹುಲ್ಲುಗಾವಲು ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದ್ದರು. ಕೆಟ್ಟ ಮನುಷ್ಯನಲ್ಲ. ಹೆಣಕ್ಕೆ ಕೈಮುಗಿದು, ಹಾರ ಹಾಕಿ, ಕಟ್ಟೆಯ ಅಂಚಿಗೆ ಕುಳಿತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಕುರಿ ಬರಾಕತ್ತಾವಂತ?”

“ಬರಾಕತ್ತಾವು. ಇವತ್ತ ಗಣಪತಿ ಕಳಸೂದು. ಕೇಶ್ವಾಪುರದಾಗ ರಸ್ತಾ ಬಂದ್ ಮಾಡ್ಯಾರಂತ, ಶರೀಫಸಾಬನ ಟೆಂಪೋ ಅಲ್ಲೇ ಸಿಕ್ಕೊಂಡೈತಿ” ಎಂದ ರಾಮಪ್ಪ.

“ಬರ್ಲಿ. ಕೋಲು ದಾಟಿಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅಂಗಳದಾಗ ದಾಟಿಸಿ ಹೊಳ್ಳಿ ಟೆಂಪೋಕ್ಕ ಹತ್ತಿಸಿಬಿಡ್ರಿ. ನಿಮಗ ಗೊತ್ತೈತಿ ಮತ್ತ. ಒಂದು ಗೊರಸು ಗಾಯರಾಣದೊಳಗ ಬಿತ್ತಂದ್ರ ಇಡೀ ಊರಿಂದು ಈ ವರ್ಷದ ಪಗಾರ ಹೋತು. ಒಬ್ಬಂದಲ್ಲ, ಎಲ್ಲಾರದೂ.”

ಪಗಾರ ಎಂಬ ಹೆಸರನ್ನು ಊರವರು ಇಟ್ಟಿದ್ದರು. ಸಂಸ್ಥೆಯ ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ಅದು ಬರುವುದು ದೀಪಾವಳಿಗೆ. ಹುಲ್ಲಿನ ಪಗಾರದಿಂದ ಊರು ಬದಲಾದದ್ದು ಸುಳ್ಳಲ್ಲ. ಹಲವರ ಮನೆಗೆ ತಗಡು ಬಂತು. ರಾಮಪ್ಪ ಎಮ್ಮೆ ಕಟ್ಟಿದ, ಈ ವರ್ಷದ ಹಣ ನಂಬಿ ಮೊಮ್ಮಗಳನ್ನು ಧಾರವಾಡದಲ್ಲಿ ನರ್ಸಿಂಗ್ ಕಲಿಯಲು ಹಾಕಿದ್ದ. ಇಬ್ಬರು ಹುಬ್ಬಳ್ಳಿಯಲ್ಲಿ ಚಹಾದಂಗಡಿ ಇಟ್ಟರು. ಮುತ್ತುವಿಗೆ ಗಾಯರಾಣದ ವಾಚಮನ್ ಕೆಲಸ ಸಿಕ್ಕಿತ್ತು. ತಂತಿ ಬೇಲಿ, ಕಬ್ಬಿಣದ ಗೇಟು, ಅದರ ಕೀಲಿ, ಯಾರು ಒಳಗೆ ಹೋದರು ಎಂದು ಬರೆಯುವ ಪುಸ್ತಕ, ಎಲ್ಲವೂ ಅವನ ಸುಪರ್ದಿಯಲ್ಲಿದ್ದವು.

ಮಗ್ಗಗಳು ಮಾತ್ರ ಅಟ್ಟ ಹತ್ತಿದವು. ಉಣ್ಣೆ ಇಲ್ಲದೆ ಕಂಬಳಿ ಎಲ್ಲಿಂದ? ಹತ್ತು ವರ್ಷದಲ್ಲಿ ದೇವಕ್ಕನ ಬೆರಳುಗಳು ಮೆತ್ತಗಾದವು. ಮೊದಮೊದಲು ಆ ಮೆತ್ತನ್ನು ಅವಳೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ಹಿಡಿದಿದ್ದೇನೆ ಎಂಬಂತೆ.

“ಅವಂಗ ಹೇಳಿ ಹೇಳಿ ಸಾಕಾಗಿತ್ತು ನನಗ” ಎಂದ ಕುಬೇರಪ್ಪ. “ಮೈಲಾರಪ್ಪಾ, ಕಾಯೂದು ಅಂದ್ರ ಹೋಗಿ ನಿಂದರೂದಲ್ಲೋ ಮಾರಾಯಾ, ಹೋಗದ ಇರೂದು. ಅಂದ್ರ ಅವ ಏನಂತಿದ್ದ? ‘ಹೋಗದ ಹೆಂಗ ಕಾಯತಾರ್ರೀ ಸಾಹುಕಾರ?’ ಅಂತಿದ್ದ. ಅದಕ್ಕ ನಾ ಏನ್ ಹೇಳ್ಲಿ? ನಾ ವಕೀಲನೂ ಅಲ್ಲ, ಕುರುಬನೂ ಅಲ್ಲ.”

“ಒಂದಿನ ಕೇಳಿದ್ನಿ” ಎಂದ ರಾಮಪ್ಪ, “ಏನೋ ಮೈಲಾರೀ, ಹುಲ್ಲು ಇವತ್ತ ಮರಿ ಹಾಕ್ತೇನು ಅಂತ. ನಗಲಿಲ್ಲ ಮಗಾ. ‘ಹೌದು, ಬಡಗಣ ದಿಬ್ಬದ ಮ್ಯಾಲೆ’ ಅಂದ. ಹೋಗಿ ನೋಡತೀನಿ, ಖರೇ! ನಮ್ಮಪ್ಪನ ಕಾಲದಾಗ ಇದ್ದ ಬಾದಿ ಹುಲ್ಲು ಮತ್ತ ಹುಟ್ಟಿತ್ತು. ಅದರ ಹೆಸರ ಮರತಿದ್ನಿ ನಾನು.”

ಎಲ್ಲರೂ ಬೇಲಿಯ ಕಡೆಗೆ ತಿರುಗಿ ನೋಡಿದರು. ಬೇಲಿಯ ಆಚೆ, ಮನೆಗಳು ಮುಗಿಯುವಲ್ಲಿಂದ ಆಕಾಶ ಶುರುವಾಗುವ ತನಕ, ಹುಲ್ಲು ನಿಂತಿತ್ತು. ಭಾದ್ರಪದದ ಹೂ ಬಿಟ್ಟ ಹುಲ್ಲು. ಗಾಳಿ ಅದರ ಮೇಲೆ ಕೈಯಾಡಿಸಿ ಹೋಗುವಾಗ ಒಮ್ಮೆ ಬೆಳ್ಳಿ, ಒಮ್ಮೆ ಕೆಂಪು. ನಿದ್ದೆಗಣ್ಣಿನಲ್ಲಿ ನೋಡಿದರೆ ಸಾವಿರ ಬೆನ್ನುಗಳು ಒಂದನ್ನೊಂದು ಉಜ್ಜಿಕೊಂಡು ಎಲ್ಲಿಗೋ ಹೊರಟ ಹಾಗಿತ್ತು. ದೇವಕ್ಕ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವಳ ಕಣ್ಣು ಆಗಾಗ ಮುಚ್ಚಿಕೊಂಡು ಹೋಗುತ್ತಿತ್ತು.

*

ಮೊದಲ ವರ್ಷ ಮೈಲಾರಪ್ಪ ಬರಿ ನೆಲದ ಮೇಲೆ ನಿಂತು ಬರುತ್ತಿದ್ದ. ಎರಡನೆಯ ವರ್ಷ ಕರಕಿ ಹುಲ್ಲು ಹಬ್ಬಿತು. ಮೂರನೆಯ ವರ್ಷ ಹುಲ್ಲು ಮೊಣಕಾಲಿಗೆ ಬಂತು. ಮುಂಚೆ ಕುರಿಗಳ ಸುದ್ದಿ ಹೇಳುತ್ತಿದ್ದ ಹಾಗೆಯೇ ಸಂಜೆ ಕಾಲು ತೊಳೆಯುತ್ತ ಹುಲ್ಲಿನ ಸುದ್ದಿ ಹೇಳುತ್ತಿದ್ದ.

“ತೆಂಕಣ ಮಗ್ಗಲಿಂದು ಇವತ್ತ ಮಾತ ಕೇಳಲಿಲ್ಲ.”

“ಏನ್ ಮಾಡಿತು?”

“ಎಲ್ಲಾ ಒಂದ ಕಡೆ ಮಲಗಿಬಿಟ್ಟಿತ್ತು. ಗಾಳಿ ಎಬ್ಬಿಸಿತು.”

ಐದನೆಯ ವರ್ಷ ಮುತ್ತು ವಾಚಮನ್ ಆದ. ಅದೇ ವರ್ಷ ಅಳತೆ ಮಾಡಲು ಬಂದವರು ಹುಲ್ಲಿನ ನಡುವೆ ಒಂದು ಕಾಲುದಾರಿ ಬಿದ್ದಿರುವುದನ್ನು ಕಂಡು ಮುತ್ತುವನ್ನು ಕರೆದು ಕೇಳಿದರು. ಅಂದು ಮಗ ಅಪ್ಪನ ಮುಂದೆ ಕುಳಿತು ಬಿಡಿಸಿ ಹೇಳಿದ.

“ಅಪ್ಪಾ, ಕಾಯೂದು ಅಂದ್ರ ಅವರ ಭಾಷಾದಾಗ ಕಾಪಾಡೂದು. ಕುರಿ ಕಾಯೂದು ಇರತೈತಲ್ಲ, ಆ ಕಾಯೂದಲ್ಲ ಇದು.”

“ಕುರಿ ಕೂಡ ಮತ್ತೇನು ಮಾಡತಿದ್ನಿ ನಾನು?” ಎಂದ ಮೈಲಾರಪ್ಪ.

ಮರುದಿನ ಗೇಟಿಗೆ ಬೀಗ ಬಿತ್ತು. ಅಂದಿನಿಂದ ಮೈಲಾರಪ್ಪ ಬೇಲಿಯ ಹೊರಗೇ ನಡೆದ. ಬೆಳಗ್ಗೆ ಹೊರಟು, ನಾನೂರು ಎಕರೆಯನ್ನು ಬಲಗಡೆ ಇಟ್ಟುಕೊಂಡು ಸುತ್ತಿ, ಸಂಜೆಗೆ ಹೊರಟಲ್ಲಿಗೇ ಬರುತ್ತಿದ್ದ.

ಒಂದು ದಿನ ರೊಟ್ಟಿಯ ಗಂಟು ಮರೆತು ಹೋಗಿದ್ದ. ದೇವಕ್ಕ ಹಿಡಿದುಕೊಂಡು ಹೋದಳು. ಬೇಲಿಯ ಮೂಲೆಯ ಕಲ್ಲಿನ ಮೇಲೆ ಅವನು ಕುಳಿತಿದ್ದ. ಅವಳೂ ಕುಳಿತಳು. ಹುಲ್ಲಿನಿಂದ ಒಂದು ಬಗೆಯ ಬಿಸಿ ವಾಸನೆ ಏಳುತ್ತಿತ್ತು, ಮಲಗಿ ಎದ್ದ ಕೂಸಿನ ತಲೆಯದರಂಥದು. ಒಳಗೆಲ್ಲೋ ಕಣ್ಣಿಗೆ ಕಾಣದ ಹಕ್ಕಿಯೊಂದು ಒಂದೇ ಮಾತನ್ನು ಹೇಳುತ್ತಿತ್ತು.

“ನಿನಗ ಗೊತ್ತೈತಿ, ಹೌದಿಲ್ಲೋ?” ಎಂದಳು ದೇವಕ್ಕ. “ಅವರು ಬರಬ್ಯಾಡ್ರಿ ಅಂತ ರೊಕ್ಕಾ ಕೊಡತಾರಂತ?”

“ಗೊತ್ತೈತಿ.”

“ಯಾವಾಗಿಂದ?”

“ಎರಡನೇ ದಿನದಿಂದ.”

ಅವಳಿಗೆ ನಗು ಬಂತು, ಆಮೇಲೆ ಬರಲಿಲ್ಲ. “ಮತ್ತ ಊರ ಮಂದಿ ಕಡೆ ಹುಚ್ಚ ಅನಿಸಿಕೊಂಡು ಯಾಕ ತಿರಗತಿ?”

“ಮನ್ಯಾಗ ಕುಂತು ಪಗಾರ ತಗೊಂಡ್ರ ಅನ್ನ ಒಳಗ ಇಳಿಯೂದಿಲ್ಲ ನನಗ.” ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟ. ಬಹಳ ಹೊತ್ತು ಅಗಿದ. ಆಮೇಲೆ, ಹುಲ್ಲಿನ ಕಡೆಗೆ ಮುಖ ಮಾಡಿಯೇ, “ನಿನಗ ಮನ್ಯಾಗ ನಿದ್ದಿ ಛಲೋ ಬರತೈತಿಲ್ಲ?” ಎಂದು ಕೇಳಿದ.

“ಬರತೈತಿ.”

“ಹಂಗಾದ್ರ ಆತು.”

*

ಟೆಂಪೋ ಬಂದಾಗ ಬಿಸಿಲು ಹಳದಿಗೆ ತಿರುಗಿತ್ತು. ಶರೀಫಸಾಬನ ಗಡ್ಡದಲ್ಲಿ, ಟೆಂಪೋದ ಗಾಜಿನ ಮೇಲೆ, ಒಳಗೆ ನಿಂತ ಏಳು ಕುರಿಗಳ ಬೆನ್ನ ಮೇಲೆಲ್ಲ ಗಣಪತಿ ಮೆರವಣಿಗೆಯ ಗುಲಾಲು ಬಿದ್ದಿತ್ತು. ಸಾಬ ಇಳಿದವನೇ ನೆಟ್ಟಗೆ ಹೆಣದ ಹತ್ತಿರ ಹೋಗಿ ಅದರ ಕಾಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ದೇವಕ್ಕನ ಕಡೆ ತಿರುಗಿದ.

“ಸುಳ್ಳ ಹೇಳಾಂವಲ್ಲ ನಾನು ತಂಗಿ. ಇವು ಮೈಲಾರಿ ಕುರಿಯ ಮರಿಮಕ್ಕಳು ಗಿರಿಮಕ್ಕಳು ಏನೂ ಅಲ್ಲ. ಅವೆಲ್ಲಾ ಅಂದೇ ಹೋದ್ವು. ಇವು ಶೆಡ್ಡಿನ್ಯಾಗ ಹುಟ್ಟಿ ತೌಡು ತಿಂದು ಬೆಳದ್ವು. ಇವಕ್ಕ ನೆಲಾ ಅಂದ್ರ ಸಿಮೆಂಟು.”

“ನಡೀತೈತಿ ಅಣ್ಣಾ. ಬಂದಿಯಲ್ಲ.”

ಅಂಗಳದ ನಡುವೆ ಕೋಲು ಮಲಗಿಸಿದರು. ಆ ಕಡೆ ಚಟ್ಟದ ಮೇಲೆ ಮೈಲಾರಪ್ಪ, ಈ ಕಡೆ ಕುರಿಗಳು. ರಾಮಪ್ಪ ಕೈಬೀಸಿದ. ಕುರಿಗಳು ಮುಂದೆ ಬಂದವು, ಕೋಲನ್ನು ಮೂಸಿದವು, ನಿಂತುಬಿಟ್ಟವು. ಹಿಂದಿನಿಂದ ದೂಡಿದರೆ ಹೊರಳಿ ದೂಡಿದವನ ಕಾಲಿನ ಸಂದಿಗೆ ನುಗ್ಗಿದವು.

“ಎತ್ತಿ ಆ ಕಡೆ ಇಟ್ಟಬಿಡ್ರಿ” ಎಂದ ಕುಬೇರಪ್ಪ.

“ಎತ್ತಿ ಇಟ್ಟದ್ದು ದಾಟಿದಂಗ ಅಲ್ರೀ ಸಾಹುಕಾರ. ತಾವಾಗೇ ದಾಟಬೇಕು.”

“ಕರೀರಿ ಹಂಗಾದ್ರ. ಕುರುಬರು ಅದೀರಿಲ್ಲೋ?”

ಕರೆದರು. ಒಬ್ಬ ನಾಲಿಗೆ ಹೊರಳಿಸಿದ, ಇನ್ನೊಬ್ಬ ತುಟಿ ಊದಿದ, ರಾಮಪ್ಪನ ಕಟ್ಟಿಸಿದ ಹಲ್ಲಿನ ಸಂದಿಯಿಂದ ಬರಿ ಗಾಳಿ ಬಂತು. ಒಂದು ಕಾಲಕ್ಕೆ ಒಂದು ದನಿಗೆ ಇನ್ನೂರು ಕುರಿ ತಿರುಗಿಸಿದ ಗಂಡಸರು, ಹಳೆಯ ಹೆಸರೊಂದು ನೆನಪಿಗೆ ಬಾರದವರಂತೆ, ನಾಲಿಗೆಯನ್ನು ಬಾಯೊಳಗೆ ತಡಕಾಡುತ್ತ ನಿಂತರು. ಏಳು ಕುರಿಗಳು ಅವರನ್ನು ಸುಮ್ಮನೆ ನೋಡಿದವು.

ಗೋಡೆಯ ನೆರಳು ಚಟ್ಟಕ್ಕೆ ಹತ್ತಿತು. “ಆತು ಬಿಡ್ರಿ, ಎತ್ರಿನ್ನ” ಎಂದರು ಒಬ್ಬಿಬ್ಬರು. “ಅವನ ನಸೀಬು.”

ದೇವಕ್ಕ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು. ಬಗ್ಗಿ ಕೋಲನ್ನು ಎತ್ತಿಕೊಂಡಳು.

“ಯಾಕ ದಾಟತಾವು ಅವು? ಆ ಕಡೆ ಏನೈತಿ? ಬರೇ ನಿಮ್ಮ ಮಾರಿ ಅದಾವು.” ಮುತ್ತುವಿನ ಕಡೆ ನೋಡಿದಳು. “ಎತ್ರಿ. ಗಾಯರಾಣದ ಗೇಟಿಗೆ ನಡೀರಿ.”

ಚಟ್ಟ ಎತ್ತಿದರು. ಹೇಗೂ ಮಣ್ಣಿನ ಜಾಗಕ್ಕೆ ದಾರಿ ಅದೇ. ಮುಂದೆ ದೇವಕ್ಕ, ಹಿಂದೆ ಚಟ್ಟ, ಅದರ ಹಿಂದೆ ಹಗ್ಗದಲ್ಲಿ ಕುರಿಗಳು. ಗೇಟಿನ ಮುಂದೆ ಅವಳು ನಿಂತಾಗ ಕುಬೇರಪ್ಪ ಮಂದಿಯನ್ನು ಸರಿಸಿಕೊಂಡು ಓಡಿ ಬಂದ.

“ದೇವಕ್ಕಾ, ಕೈಮುಗೀತೀನಿ. ಇದು ನಿನ್ನೊಬ್ಬಾಕಿ ಪ್ರಶ್ನಿ ಅಲ್ಲ. ನಲವತ್ತು ಮನಿ ಪಗಾರ. ಮುತ್ತುಂದು ನೌಕರಿ. ಗೇಟು ತಗದು ಕುರಿ ಬಿಟ್ರ ನಾ ಸಂಸ್ಥಾಕ್ಕ ಬರೀಲೇಬೇಕಾಗತೈತಿ. ಬರೀದ ಇರಾಕ ನನಗ ಬರೂದಿಲ್ಲ.”

“ಬರೀರಿ ಸಾಹುಕಾರ. ನಾ ನಿಮಗ ಬ್ಯಾಡ ಅನ್ನೂದಿಲ್ಲ.” ಅವಳು ಊರವರ ಕಡೆ ತಿರುಗಿದಳು. ಬೆಳಗಿನಿಂದ ಹಿಂದೆ ನಿಂತಿದ್ದ ಅಳು ಈಗ ಸರದಿಯ ಮುಂದಕ್ಕೆ ಬಂದಿತ್ತು. ಅದನ್ನು ಅಲ್ಲಿಯೇ ಹಿಡಿದು ಮಾತಾಡಿದಳು. “ಆ ಕಾಗದಕ್ಕ ಅವನ ಬಟ್ಟು ಹಿಡಿದು ಒತ್ತಿಸಿದಾಕಿ ನಾನು. ಅವಂಗ ಮನಸಿರಲಿಲ್ಲ. ಹತ್ತು ವರ್ಷ ನಾ ಮನ್ಯಾಗ ಮಲಗಿದ್ನಿ, ಅವ ಹೊರಗ ನಿಂತ. ಪಗಾರ ಹೋದ್ರ ನಾಳಿ ಮನಿಮನಿಗೆ ಬಂದು ಬೈಸಿಕೋತೀನಿ. ಬಿಡಬ್ಯಾಡ್ರಿ, ಬೈರಿ. ಅವನ್ನ ಮಾತ್ರ ಇನ್ನ ಕಾಯಿಸಬ್ಯಾಡ್ರಿ.”

ಮುತ್ತು ಚಟ್ಟದ ಮುಂದಿನ ಕಾಲಿಗೆ ಹೆಗಲು ಕೊಟ್ಟಿದ್ದ. ಕೀಲಿ ಅವನ ಸೊಂಟದಲ್ಲಿತ್ತು. ಅವನು ಊರವರನ್ನು ನೋಡಿದ. ಊರವರು ನೆಲ ನೋಡುತ್ತಿದ್ದರು. ತಗಡು, ಎಮ್ಮೆ, ಚಹಾದಂಗಡಿ, ಎಲ್ಲವೂ ಆ ನೆಲದ ಮೇಲೆ ಬಿದ್ದಿದ್ದವು.

ಆ ಕಡೆಯ ಹೆಗಲು ರಾಮಪ್ಪನದು. ಅವನು ಬಿದಿರನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.

“ಲಗೂನ ತಗಿಯೋ ಮುತ್ತೂ. ನಿಮ್ಮಪ್ಪ ಏನು ಹಗೂರ ಮನಷ್ಯಾ ಅಂತ ತಿಳಿದೀಯೇನು?”

“ರಾಮಪ್ಪಾ, ನಿನ್ನ ಮೊಮ್ಮಗಳು…” ಎಂದ ಕುಬೇರಪ್ಪ.

“ನನ್ನ ಮೊಮ್ಮಗಳು ನನಗ ಗೊತ್ತದಾಳ್ರಿ. ನೀವು ಬರಕೋರಿ. ಏಳು ಕುರಿ ಅಂತ ಸರಿಯಾಗಿ ಬರೀರಿ, ಎಂಟು ಅಂತ ಬರದೀರಿ ಮತ್ತ.”

ಮುತ್ತು ತನ್ನ ಹೆಗಲನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ. ಬೀಗ ತುಕ್ಕು ಹಿಡಿದಿತ್ತು, ಮೂರನೆಯ ಸಲಕ್ಕೆ ತಿರುಗಿತು. ಕಬ್ಬಿಣದ ಗೇಟು ಹುಲ್ಲನ್ನು ಒತ್ತಿಕೊಂಡು ಒಳಮುಖವಾಗಿ ಸರಿಯಿತು. ದೇವಕ್ಕ ಗೇಟಿನ ಬಾಯಿಗೆ ಕೋಲು ಮಲಗಿಸಿ ಪಕ್ಕಕ್ಕೆ ಬಂದಳು.

ಹಗ್ಗ ಬಿಚ್ಚಿದರು. ಕುರಿಗಳು ಮೊದಲು ಅಂಗಳದಲ್ಲಿ ನಿಂತ ಹಾಗೆಯೇ ನಿಂತವು. ಸಂಜೆಯ ಗಾಳಿ ಒಳಗಿನಿಂದ ಹೊರಕ್ಕೆ ಬೀಸಿತು. ಹತ್ತು ವರ್ಷ ಯಾರೂ ಮುರಿಯದ ಹುಲ್ಲಿನ ಗಾಳಿ. ಕಪ್ಪು ಕಿವಿಯದೊಂದು ಮೂಗು ಎತ್ತಿತು. ಅದರ ಮೈಯಲ್ಲಿ ಒಂದು ನಡುಕ, ಹೆಗಲಿನಿಂದ ಬಾಲದ ತನಕ, ನೀರಿನ ಮೇಲಿನ ಗೆರೆಯಂತೆ ಹರಿದು ಹೋಯಿತು. ಅದು ಮುಂಗಾಲನ್ನು ಎತ್ತಿ ಕೋಲಿನ ಆಚೆ ಇಟ್ಟಿತು. ಹಿಂಗಾಲನ್ನೂ ತಂದುಕೊಂಡಿತು.

“ಒಂದು” ಎಂದ ರಾಮಪ್ಪ, ಪಿಸುಗುಟ್ಟಿ.

ಎರಡು. ಮೂರು. ನಾಲ್ಕನೆಯದು ಜಿಗಿಯಿತು. ಉಳಿದ ಮೂರು ಒಟ್ಟಿಗೇ ನುಗ್ಗಿದವು. ಹುಲ್ಲು ಅವುಗಳಿಗಿಂತ ಎತ್ತರವಿತ್ತು. ಗುಲಾಲು ಬಿದ್ದ ಬೆನ್ನುಗಳು ಒಂದು ಕ್ಷಣ ಕಂಡು ಮುಳುಗಿದವು. ಹಗ್ಗ ಹಿಡಿದು ಹಿಂದೆ ಓಡಲು ಹೊರಟ ಟೆಂಪೋದ ಡ್ರೈವರನನ್ನು ಶರೀಫಸಾಬ ಅಂಗಿ ಹಿಡಿದು ನಿಲ್ಲಿಸಿದ.

“ನಿಲ್ಲಪಾ. ಅವು ನಮ್ಮವಲ್ಲ ಈಗ.”

ದೇವಕ್ಕ ಗೇಟಿನ ಸರಳು ಹಿಡಿದು ನಿಂತಿದ್ದಳು. ಕಣ್ಣು ತುಂಬಿ ಹುಲ್ಲು ಕಲಸಿಹೋಗಿತ್ತು. ಒರೆಸಿಕೊಂಡು ನೋಡಿದಳು. ಕುರಿ ಒಂದೂ ಕಾಣಲಿಲ್ಲ. ಹೂ ಬಿಟ್ಟ ತೆನೆಗಳ ಮೇಲೆ ಏಳು ಗೆರೆಗಳು ಮಾತ್ರ, ಒಂದೊಂದು ಒಂದೊಂದು ದಿಕ್ಕಿಗೆ, ದಾರಿ ಗೊತ್ತಿಲ್ಲದವರ ಹಾಗೆ ಓಡುತ್ತಿದ್ದವು. ಹಿಂದೆ ಚಟ್ಟ ಹೊತ್ತವರು ಭಾರ ಮರೆತು ನಿಂತಿದ್ದರು. ಮೊದಲು ಎಡಗಡೆಯ ಎರಡು ಗೆರೆಗಳು ಹತ್ತಿರ ಬಂದವು. ಆಮೇಲೆ ದೂರ ಹೋಗಿದ್ದ ಒಂದು ನಿಂತು, ಹೊರಳಿ, ಅವುಗಳನ್ನು ಸೇರಿತು. ನಾಲ್ಕನೆಯದು ಸೇರಿತು. ಏಳೂ ಒಂದಾದವು. ಒಂದಾದ ಮೇಲೆ ಅವು ಓಡಲಿಲ್ಲ. ಹುಲ್ಲು ನಿಧಾನವಾಗಿ ಬಾಗುತ್ತ, ಏಳುತ್ತ, ವಯಸ್ಸಾದ ಮನುಷ್ಯನೊಬ್ಬನ ನಡಿಗೆಯಷ್ಟೇ ಸಾವಕಾಶವಾಗಿ, ನಡುವೆ ಒಮ್ಮೆ ನಿಂತು, ಮತ್ತೆ ಮುಂದಕ್ಕೆ, ಬಡಗಣ ದಿಬ್ಬದ ಕಡೆಗೆ ಬಿಚ್ಚಿಕೊಳ್ಳುತ್ತ ಹೋಯಿತು.